ಒಂದು ದಿನಕ್ಕೆ ಒಂದೇ ಊರು: ಮಕ್ಕಳಿಗೆ ಇತಿಹಾಸ ತೋರಿಸುವ ಬಗೆ

ಒಂದೇ ದಿನದಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ. ಹೋಗುವಾಗ ಬನಶಂಕರಿ, ಬರುವಾಗ ಕೂಡಲಸಂಗಮ. ಬೆಳಗಾವಿ, ವಿಜಯಪುರಗಳಿಂದ ರವಿವಾರ ನಸುಕಿನಲ್ಲಿ ಹೊರಡುವ ಗಾಡಿಗಳ ಪಟ್ಟಿ ಹೆಚ್ಚಾಗಿ ಹೀಗೇ ಇರುತ್ತದೆ. ರಾತ್ರಿ ಮನೆಗೆ ಬಂದ ಹುಡುಗನನ್ನು ಏನು ನೋಡಿದಿ ಎಂದು ಕೇಳಿದರೆ, ‘ಮಂಗ್ಯಾ ನನ್ನ ಚಿಪ್ಸ್ ಪಾಕೀಟ ಕಸ್ಕೊಂಡು ಹೋತು’ ಎನ್ನುತ್ತಾನೆ. ತಪ್ಪು ಅವನದಲ್ಲ. ಹತ್ತು ಗುಡಿ ನೋಡಿದವನಿಗೆ ಹತ್ತೂ ಒಂದೇ ಗುಡಿಯಾಗಿ ಕಾಣುತ್ತವೆ.

ಊರು ಆರಿಸುವುದು

ಒಂದು ದಿನಕ್ಕೆ ಒಂದೇ ಊರು. ಎಂಟು ವರ್ಷದೊಳಗಿನ ಮಕ್ಕಳಿಗೆ ಕಿತ್ತೂರಿನಿಂದ ಶುರು ಮಾಡಿ. ಕೋಟೆ, ರಾಣಿ, ಯುದ್ಧ ಮೂರೂ ಅವರಿಗೆ ತಟ್ಟನೆ ತಿಳಿಯುತ್ತವೆ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಪಡೆಯ ಎದುರು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತುಬಿದ್ದ ಊರು ಅದು. ಮುಂದಿನ ಸಲ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡಕ್ಕೆ ಹೋದರೆ ಕಥೆಯ ಎರಡನೇ ಭಾಗವೂ ಆಯಿತು. ಬಾದಾಮಿ, ಪಟ್ಟದಕಲ್ಲು, ಐಹೊಳೆ ಎಂಬ ಚಾಲುಕ್ಯರ ಊರುಗಳಿಗೆ ಒಂಬತ್ತು ದಾಟಿದ ಮೇಲೆ ಹೋಗಿ. ಶುಕ್ರವಾರ ಬೇಡ, ಬಾದಾಮಿಯ ವಸ್ತುಸಂಗ್ರಹಾಲಯ ಅಂದು ಮುಚ್ಚಿರುತ್ತದೆ.

ಹಿಂದಿನ ದಿನ: ಸುತಳಿ

ಮಕ್ಕಳಿಗೆ ಪುಲಕೇಶಿ, ಚೆನ್ನಮ್ಮ, ಅಜ್ಜಿಯ ಬಾಲ್ಯ ಎಲ್ಲವೂ ‘ಹಿಂದಿನ ಕಾಲ’ವೇ. ಇಸವಿ ಬಾಯಿಪಾಠ ಮಾಡಿಸಿದರೆ ಇದು ಹೋಗುವುದಿಲ್ಲ. ಕಿರಾಣಿ ಅಂಗಡಿಯಿಂದ 15 ಮೀಟರ್ ಸುತಳಿ ತಂದು, ಒಂದು ವರ್ಷಕ್ಕೆ ಒಂದು ಸೆಂಟಿಮೀಟರ್ ಎಂದು ಲೆಕ್ಕ ಹಿಡಿಯಿರಿ. ಒಂದು ತುದಿ ‘ಇವತ್ತು’. ಅಲ್ಲಿಂದ ಹತ್ತು ಸೆಂಟಿಮೀಟರಿಗೆ ಮಗು ಹುಟ್ಟಿದ ಗಂಟು, ಎಪ್ಪತ್ತಕ್ಕೆ ಅಜ್ಜಿಯದು. ಕಿತ್ತೂರಿನ ಯುದ್ಧ ಎರಡು ಮೀಟರಿನ ಆಸುಪಾಸು. ಮೊಹಮ್ಮದ್ ಆದಿಲ್‌ಶಾಹ ತೀರಿಕೊಂಡ 1656, ಎಂದರೆ ಗೋಳಗುಮ್ಮಟದ ಕಾಲ, ನಾಲ್ಕು ಮೀಟರಿನೊಳಗೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಹದಿಮೂರು ಮೀಟರಿನ ಹತ್ತಿರ. ಮೊದಲನೇ ಪುಲಕೇಶಿ ಬಾದಾಮಿಯ ಬಂಡೆಯ ಮೇಲೆ ಕೋಟೆ ಕಟ್ಟಿಸಿದ 543, ಸುತಳಿ ಮುಗಿಯುವ ಸ್ವಲ್ಪ ಮೊದಲು. ಮಾಳಿಗೆ ಮೇಲೆ ಹಾಸಿ, ಮಗುವನ್ನು ಈ ತುದಿಯಿಂದ ಆ ತುದಿಗೆ ನಡೆಸಿ. ಗಂಟು ಹಾಕುವುದು ಮಗುವಿನ ಕೆಲಸ, ನೀವು ಅಳತೆಪಟ್ಟಿ ಹಿಡಿದರೆ ಸಾಕು. ಪುಸ್ತಕದ ಅಂಗಡಿಯಲ್ಲಿ ಸಿಗುವ ರಾಜರ ಬಣ್ಣದ ಚಾರ್ಟು ಈ ಕೆಲಸಕ್ಕೆ ಬಾರದು. ಅದರಲ್ಲಿ ಎಲ್ಲ ರಾಜರಿಗೂ ಒಂದೇ ಮೀಸೆ, ಎಲ್ಲ ಶತಮಾನಕ್ಕೂ ಒಂದೇ ಅಳತೆಯ ಚೌಕ.

ಚೀಲದಲ್ಲಿ

ಗೆರೆ ಇಲ್ಲದ ದಪ್ಪ ರಟ್ಟಿನ ನೋಟ್‌ಬುಕ್, ಎರಡು ಪೆನ್ಸಿಲ್, ಸಣ್ಣ ಟಾರ್ಚ್, ನೀರು, ಟೊಪ್ಪಿಗೆ, ದಪ್ಪ ಕಾಲುಚೀಲ. ವಿರೂಪಾಕ್ಷ ಗುಡಿಯಲ್ಲಿ ಈಗಲೂ ಪೂಜೆ ನಡೆಯುತ್ತದೆ, ಚಪ್ಪಲಿ ಹೊರಗೇ ಬಿಡಬೇಕು. ಹನ್ನೊಂದರ ಮೇಲೆ ಹಾಸುಗಲ್ಲು ಕಾದ ಹೆಂಚಾಗಿರುತ್ತದೆ, ಕಾಲು ಸುಡುವ ಮಗು ಏನನ್ನೂ ನೋಡುವುದಿಲ್ಲ. ಸ್ಕೆಚ್ ಪೆನ್ ಬೇಡ, ಬಣ್ಣ ತುಂಬುವುದರಲ್ಲೇ ಹೊತ್ತು ಹೋಗುತ್ತದೆ. ಬಾದಾಮಿಯಲ್ಲಿ ತಿನಿಸು ಕೈಯಲ್ಲಿ ಹಿಡಿಯಬೇಡಿ. ಊಟಕ್ಕೆ ಬನಶಂಕರಿಯಲ್ಲಿ ಬುಟ್ಟಿ ಹೊತ್ತು ಬರುವ ಹೆಂಗಸರ ಹತ್ತಿರ ರೊಟ್ಟಿ, ಕೆಂಪು ಚಟ್ನಿ, ಮೊಸರು ಸಿಗುತ್ತದೆ, ಅದಕ್ಕಿಂತ ಒಳ್ಳೆಯ ಹೋಟೆಲು ಹುಡುಕಬೇಕಿಲ್ಲ.

ಕಲ್ಲಿನ ಮುಂದೆ

ಎಲ್ಲರೂ ಕೆಡಿಸುವ ಹಂತ ಇದು. ಗೇಟು ದಾಟಿದ ಕೂಡಲೇ ಅಪ್ಪ ಫಲಕ ಓದಿ ಹೇಳಲು ಶುರು ಮಾಡುತ್ತಾನೆ, ಅವ್ವ ಫೋಟೊಕ್ಕೆ ನಿಲ್ಲಿಸುತ್ತಾಳೆ. ಮೂರನೇ ನಿಮಿಷಕ್ಕೆ ಮಗುವಿನ ಕಣ್ಣು ಅಳಿಲಿನ ಹಿಂದೆ. ಉತ್ತರ ಮೊದಲೇ ಬಂದರೆ ನೋಡುವ ಕೆಲಸ ಉಳಿಯುವುದೇ ಇಲ್ಲ. ಆದ್ದರಿಂದ ಮೊದಲ ಇಪ್ಪತ್ತು ನಿಮಿಷ ದೊಡ್ಡವರು ಬಾಯಿ ಮುಚ್ಚಿಕೊಂಡಿರಬೇಕು, ಮೊಬೈಲು ಜೇಬಿನಲ್ಲಿರಬೇಕು.

ಪಟ್ಟದಕಲ್ಲನ್ನೇ ತೆಗೆದುಕೊಳ್ಳಿ. ಗಳಗನಾಥ, ಸಂಗಮೇಶ್ವರ ಎರಡೂ ಗುಡಿ ಒಟ್ಟಿಗೆ ಕಾಣುವ ಕಡೆ ಹುಲ್ಲಿನ ಮೇಲೆ ಕೂರಿಸಿ. ‘ತಮ್ಮಾ, ಎರಡೂ ಗುಡಿ ನೆತ್ತಿ ಬರೀ’ ಎನ್ನಿ, ಅಷ್ಟೇ. ಗ್ವಾಡಿ, ಕಂಬ, ಮೂರ್ತಿ ಬೇಡ, ಆಕಾಶಕ್ಕೆ ತಾಗಿದ ಹೊರಗೆರೆ ಮಾತ್ರ. ಹತ್ತು ನಿಮಿಷ ಸಾಕು. ಚಿತ್ರ ಸೊಟ್ಟಗಿದ್ದರೆ ತಿದ್ದಬೇಡಿ. ಒಂದು ಗೆರೆ ಬಾಗುತ್ತ ಮೇಲೇರಿ ಕೂಡಿಕೊಂಡಿರುತ್ತದೆ, ಇನ್ನೊಂದು ಮೆಟ್ಟಿಲಾಗಿ ಅಂತಸ್ತಂತಸ್ತಾಗಿ ಏರಿರುತ್ತದೆ. ಮಗು ತಾನೇ ‘ಇವು ಬ್ಯಾರೆ ಬ್ಯಾರೆ ಅದಾವು’ ಎಂದ ಮೇಲೆ ಬಾಗಿದ್ದಕ್ಕೆ ಉತ್ತರದ ನಾಗರ, ಮೆಟ್ಟಿಲಿನದಕ್ಕೆ ದಕ್ಷಿಣದ ದ್ರಾವಿಡ ಎಂಬ ಎರಡು ಹೆಸರು ಕೊಡಿ. ಅದಕ್ಕೂ ಮೊದಲು ಕೊಟ್ಟರೆ ಅವು ಪರೀಕ್ಷೆಯ ಶಬ್ದಗಳಾಗಿಯೇ ಉಳಿಯುತ್ತವೆ.

ಆಮೇಲೆ ಗಳಗನಾಥದ ತುದಿ ತೋರಿಸಿ. ಗೀರುಗೀರಾಗಿ ಚಪ್ಪಟೆಯಾಗಿ ಕೂತ ಆ ಗುಂಡುಕಲ್ಲು ಯಾವ ಕಾಯಿಯಂತಿದೆ? ನೆಲ್ಲಿಕಾಯಿ ತಿಂದ ಮಗು ಹೇಳಿಬಿಡುತ್ತದೆ. ಅದರ ಹೆಸರೂ ಆಮಲಕ, ಎಂದರೆ ನೆಲ್ಲಿಕಾಯಿಯೇ. ಅಲ್ಲಿಂದ ಕಾಶಿವಿಶ್ವನಾಥ ಗುಡಿಗೆ ನಡೆದು, ಇದರಲ್ಲಿ ಏನು ಇಲ್ಲ ಎಂದು ಕೇಳಿ. ಅದರ ನೆಲ್ಲಿಕಾಯಿಯೂ ಕಳಸವೂ ಹೋಗಿವೆ. ಇಲ್ಲದ್ದನ್ನು ಗುರುತಿಸಿದ ಮಗು ನಿಜವಾಗಿ ನೋಡಿದೆ ಎಂದರ್ಥ. ಹನ್ನೆರಡು ದಾಟಿದವರಿಗೆ ಸ್ವಲ್ಪ ದೂರದ ಪಾಪನಾಥ ಗುಡಿ ಒಳ್ಳೆಯ ಒಗಟು: ನೆತ್ತಿ ಉತ್ತರದ್ದು, ಮೈಕಟ್ಟು ದಕ್ಷಿಣದ್ದು. ಚಿಕ್ಕವರು ದಣಿದಿದ್ದರೆ ಬಿಟ್ಟುಬಿಡಿ.

ಒಳಗೆ ಹೋದಾಗ ಟಾರ್ಚ್. ಬಹಳ ಜನ ಬೆಳಕನ್ನು ನೇರವಾಗಿ ಎದುರಿನಿಂದ ಬಿಡುತ್ತಾರೆ, ಮೊಬೈಲಿನ ಫ್ಲ್ಯಾಶ್ ಮಾಡುವುದೂ ಅದನ್ನೇ. ಎದುರು ಬೆಳಕಿಗೆ ನೆರಳು ಬೀಳದೆ ಕೆತ್ತನೆ ಚಪ್ಪಟೆಯಾಗುತ್ತದೆ. ಟಾರ್ಚನ್ನು ಕಂಬದ ಪಕ್ಕಕ್ಕೆ, ಕಲ್ಲಿಗೆ ಹೆಚ್ಚುಕಡಿಮೆ ಸಮನಾಗಿ ಹಿಡಿದು ನಿಧಾನ ಸರಿಸಿ. ಸವೆದುಹೋಗಿದೆ ಎಂದುಕೊಂಡ ಕಡೆ ಮೂಗು, ಬೆರಳು, ಬಾಲ ಎದ್ದು ಬರುತ್ತವೆ. ಮಲ್ಲಿಕಾರ್ಜುನ ಗುಡಿಯ ಕಂಬಗಳ ಪಂಚತಂತ್ರದ ಕಥೆಗಳನ್ನು ಹೀಗೇ ಹುಡುಕಿಸಿ. ಶಾಸನದ ಅಕ್ಷರ ಕಾಣಲೆಂದು ಸೀಮೆಸುಣ್ಣ, ಅರಿಸಿನದ ಭಂಡಾರ, ಎಣ್ಣೆ ಹಚ್ಚಲೇಬಾರದು. ಪುಡಿ ಗೀರುಗಳಲ್ಲಿ ಕೂತುಬಿಡುತ್ತದೆ, ಉಜ್ಜಿ ತೆಗೆಯಲು ಹೋದರೆ ಅಕ್ಷರದ ಅಂಚೇ ಸವೆಯುತ್ತದೆ.

ಈಗ ಕಥೆ ಹೇಳಬಹುದು, ಒಂದೇ ಒಂದು. ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ವಿರೂಪಾಕ್ಷ ಗುಡಿ ಕಟ್ಟಿಸಿದಳು. ಗೆದ್ದ ರಾಜ ಕಂಚಿಯ ರಾಜಸಿಂಹೇಶ್ವರ ಗುಡಿಯ ಸಂಪತ್ತನ್ನು ಹೊತ್ತು ತರದೆ ದೇವರಿಗೇ ಮರಳಿ ಕೊಟ್ಟ, ಅದನ್ನು ಅಲ್ಲಿಯ ಗುಡಿಯಲ್ಲೇ ಕನ್ನಡದಲ್ಲಿ ಬರೆಸಿದ. ಗೆದ್ದವನು ಯಾಕೆ ಬಿಟ್ಟು ಬಂದ? ಉತ್ತರ ನೀವು ಹೇಳಬೇಡಿ, ಗಾಡಿಯಲ್ಲಿ ಮರಳುವಾಗ ಅದೇ ಮಾತಾಗಲಿ.

ಬಾದಾಮಿಗೆ ಹೋದ ದಿನ ಕೆಲಸ ಬೇರೆ, ಅಂದು ಕಿವಿಗೆ ಪಾಠ. ಮೂರನೇ ಗುಹೆಯಲ್ಲಿ ಮಂಗಳೇಶನ 578ರ ಶಾಸನವಿದೆ, ಸುತಳಿಯ ಗಂಟಿಗೆ ಅದು ಸಾಕು. ಹೊತ್ತು ಕೊಡಬೇಕಾದದ್ದು ಅಗಸ್ತ್ಯತೀರ್ಥದ ಕಡೆಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನಕ್ಕೆ. ಅಕ್ಷರ ಓದಲಾಗುವುದಿಲ್ಲವಾದ್ದರಿಂದ ಸಾಲುಗಳನ್ನು ಮನೆಯಲ್ಲೇ ದಪ್ಪಗೆ ಬರೆದು ಒಯ್ಯಿರಿ:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಬಂಡೆಯ ಮುಂದೆ ನಿಂತು ಮಗು ಗಟ್ಟಿಯಾಗಿ ಓದಲಿ. ಒಳ್ಳೆಯವರಿಗೆ ಒಳ್ಳೆಯವ, ಕಾಡುವವರಿಗೆ ಕಾಲಯಮ ಎಂದಷ್ಟೇ ಅರ್ಥ ಹೇಳಿ. ಇದು ತ್ರಿಪದಿ. ಅಜ್ಜಿ ಜೊತೆಗಿದ್ದರೆ ಆಗಲೇ ಒಂದು ಬೀಸುವ ಪದ ಹಾಡಿಸಿ, ಅದೂ ಮೂರೇ ಸಾಲು. ಸಾವಿರದ ಮುನ್ನೂರು ವರ್ಷದ ಹಿಂದಿನ ಬಂಡೆಗೂ ಮನೆಯ ಬೀಸುಗಲ್ಲಿಗೂ ಒಂದೇ ಮಟ್ಟು ಎಂಬುದನ್ನು ಕಿವಿಯೇ ಹಿಡಿಯುತ್ತದೆ. ಅಜ್ಜಿಯನ್ನು ಮನೆ ಕಾಯಲು ಬಿಟ್ಟು ಬರುವವರು ದೊಡ್ಡ ಗೈಡನ್ನೇ ಬಿಟ್ಟು ಬಂದಂತೆ.

ಹೇಳುವುದು ಬೇರೆ, ಕಲ್ಲು ಬೇರೆ

ಐಹೊಳೆಗೆ ಹೋದಾಗ ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆಸಿ. ಒಂದು ಕಡೆ ‘ಹೇಳ್ತಾರ’, ಇನ್ನೊಂದು ಕಡೆ ‘ಕಲ್ಲಾಗ ಐತಿ’. ಪರಶುರಾಮ ಕೊಡಲಿ ತೊಳೆದು ಹೊಳೆ ಕೆಂಪಾದದ್ದು ಮೊದಲನೆಯದಕ್ಕೆ. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದದ್ದು ಎರಡನೆಯದಕ್ಕೆ, ಮೇಗುತಿ ಬಸದಿಯ ಗೋಡೆಯ ಮೇಲೆ ರವಿಕೀರ್ತಿ 634ರಲ್ಲಿ ಅದನ್ನು ಬರೆದಿದ್ದಾನೆ. ರವಿಕೀರ್ತಿ ಅದೇ ಶಾಸನದಲ್ಲಿ ತನ್ನನ್ನು ಕಾಳಿದಾಸ, ಭಾರವಿಗೆ ಹೋಲಿಸಿಕೊಂಡಿದ್ದಾನೆ. ಕಲ್ಲಲ್ಲಿ ಇದ್ದದ್ದೆಲ್ಲ ಖರೆಯೇ ಎಂದು ದೊಡ್ಡ ಮಕ್ಕಳು ಇಲ್ಲಿ ಕೇಳುತ್ತಾರೆ, ಕೇಳಲಿ. ದುರ್ಗ ಗುಡಿಯ ಹೆಸರು ದೇವಿಯಿಂದಲ್ಲ, ಪಕ್ಕದ ಕೋಟೆಯಿಂದ ಬಂದದ್ದು. ಲಾಡಖಾನ ಗುಡಿಗೆ ಒಂದು ಕಾಲಕ್ಕೆ ಅಲ್ಲಿ ವಾಸವಿದ್ದವನ ಹೆಸರು. ನಿಧಿ, ಸುರಂಗ ಎಂದು ಶುರು ಮಾಡುವ ಗೈಡ್ ಸಿಕ್ಕರೆ ಬೈಯಬೇಡಿ, ಎಲ್ಲವನ್ನೂ ಮೊದಲ ಕಡೆ ಬರೆಸಿ.

ಗೋಳಗುಮ್ಮಟಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಹತ್ತರ ಮೇಲೆ ಪಿಸುಗುಟ್ಟುವ ಮೊಗಸಾಲೆಯಲ್ಲಿ ಬರೀ ಕೂಗಾಟ, ಗೋಡೆ ಏನು ಹೇಳಿತೆಂದು ಯಾರಿಗೂ ಕೇಳುವುದಿಲ್ಲ.

ಮನೆಗೆ ಬಂದ ಮೇಲೆ

ಅಂದೇ ರಾತ್ರಿ ಪ್ರಬಂಧ ಬರೆಸಬೇಡಿ. ಕತ್ತರಿಸಿ ಅಂಟಿಸುವ ಪ್ರಾಜೆಕ್ಟ್ ಚಿತ್ರದ ಹಾಳೆಯನ್ನಂತೂ ಮನೆಗೇ ತರಬೇಡಿ, ಮಗು ಬರೆದ ಎರಡು ಸೊಟ್ಟ ನೆತ್ತಿಗಳ ಮುಂದೆ ಅದು ಏನೂ ಅಲ್ಲ. ಎರಡು ದಿನ ಬಿಟ್ಟು ಸುತಳಿ ಹಾಸಿ, ಹೊಸ ಊರಿನ ಗಂಟು ಹಾಕಿಸಿ, ಗಂಟಿಗೆ ಹೆಸರಿನ ಚೀಟಿ ಕಟ್ಟಿಸಿ. ಉಂಡೆ ಮಾಡಿ ಇಟ್ಟರೆ ಸಿಕ್ಕುಸಿಕ್ಕಾಗಿ ಮುಂದಿನ ಸಲ ಅರ್ಧ ತಾಸು ಬಿಡಿಸುತ್ತ ಕೂರಬೇಕು. ಹಳೆಯ ನೋಟ್‌ಬುಕ್ಕಿನ ರಟ್ಟಿಗೆ ಸುತ್ತಿ, ‘ಇವತ್ತು’ ತುದಿ ಮೇಲೆ ಬರುವಂತೆ ಇಡಿ.