ಊರಿನ ಕಾಲೇಜಿಂದ ಶಂಕರಘಟ್ಟಕ್ಕೆ ಹೊರಟವರಿಗೆ

ನಾನು ಹೊಸನಗರ ತಾಲ್ಲೂಕಿನವಳು. ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಬಿ.ಎ. ಮುಗಿಸಿ, ಅರ್ಥಶಾಸ್ತ್ರ ಎಂ.ಎ. ಮಾಡಲು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಹೋದೆ. ಈಗ ನಮ್ಮ ಕಡೆಯಿಂದ ಅಲ್ಲಿಗೆ ಸೇರುವ ಹುಡುಗ ಹುಡುಗಿಯರು “ಅಕ್ಕಾ, ಅಲ್ಲಿ ಹೇಗಿರುತ್ತೆ?” ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಊರಿನ ಕಾಲೇಜಲ್ಲಿ ಎರಡು ದಿನ ಕಾಣದಿದ್ದರೆ ಮೇಷ್ಟ್ರೇ “ಯಾಕಮ್ಮ, ಹುಷಾರಿಲ್ವಾ?” ಅನ್ನುತ್ತಾರೆ. ನೋಟ್ಸ್ ಬರೆಸುತ್ತಾರೆ. ಯಾವ ಪ್ರಶ್ನೆ ಬರಬಹುದು ಅಂತಲೂ ಹೇಳಿಬಿಡುತ್ತಾರೆ. ವಿಶ್ವವಿದ್ಯಾಲಯದಲ್ಲಿ ಯಾರೂ ನಿಮ್ಮ ಹಿಂದೆ ಬರುವುದಿಲ್ಲ. ಅಲ್ಲಿನವರಿಗೆ ಕಾಳಜಿ ಇಲ್ಲ ಅಂತ ಅಂದುಕೊಳ್ಳಬೇಡಿ. ಬೇಕಾದವರು ಬಂದು ಕೇಳುತ್ತಾರೆ ಅನ್ನುವುದು ಅಲ್ಲಿಯ ರೂಢಿ, ಅಷ್ಟೇ. ನಮ್ಮ ಕಡೆಯ ಮಕ್ಕಳು ಸೋಲುವುದು ಇಲ್ಲೇ. ಬುದ್ಧಿ ಇರುತ್ತದೆ, ಬಾಗಿಲ ತನಕ ಹೋಗಲು ಸಂಕೋಚ.

ಹಾಗಾಗಿ ಮೊದಲ ಹದಿನೈದು ದಿನದೊಳಗೆ ನಿಮಗೆ ಪಾಠ ಮಾಡುವ ಪ್ರತಿಯೊಬ್ಬರ ಕೊಠಡಿಗೂ ಒಮ್ಮೆ ಹೋಗಿ. ಹೆಸರು, ಊರು, ಓದಿದ ಕಾಲೇಜು ಹೇಳಿ. “ಈ ಪೇಪರ್‌ಗೆ ಮೊದಲು ಯಾವ ಪುಸ್ತಕ ಓದಲಿ ಸರ್?” ಅಂತ ಕೇಳಿ. ಮುಂದೆ ಅನುಮಾನ ಬಂದಾಗ ಸುಮ್ನೆ “ಅರ್ಥ ಆಗಲಿಲ್ಲ” ಅನ್ನಬೇಡಿ. ಪುಸ್ತಕ ತೆಗೆದುಕೊಂಡು ಹೋಗಿ, ಎಲ್ಲಿ ನಿಂತಿರಿ ಅಂತ ಆ ಪುಟವನ್ನೇ ತೋರಿಸಿ. ಆಗ ಹತ್ತು ನಿಮಿಷದಲ್ಲಿ ಬಗೆಹರಿಯುತ್ತದೆ.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಟಿಸಿ, ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೂಲ ಪ್ರತಿ ಕೊಡುವ ಮೊದಲು ನಾಲ್ಕೈದು ಜೆರಾಕ್ಸ್ ಇಟ್ಟುಕೊಳ್ಳಿ. ಬೇರೆ ವಿಶ್ವವಿದ್ಯಾಲಯದಿಂದ ಬರುವವರಾದರೆ ಮೈಗ್ರೇಷನ್ ಸರ್ಟಿಫಿಕೇಟ್ ಮೊದಲೇ ತರಿಸಿಕೊಳ್ಳಿ. ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ, ಅಂದರೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಊರಲ್ಲೇ ನೋಡಿಕೊಂಡು ಬನ್ನಿ. ಕ್ಯಾಂಪಸ್ ಇರುವುದು ಭದ್ರಾವತಿ ತಾಲ್ಲೂಕಲ್ಲಿ, ಭದ್ರಾ ಅಣೆಕಟ್ಟಿನ ಹತ್ತಿರ. ಸಣ್ಣ ಕೆಲಸಕ್ಕೆಲ್ಲ ಶಿವಮೊಗ್ಗಕ್ಕೆ ಓಡಾಡುತ್ತಿದ್ದರೆ ದಿನವೇ ಹೋಗುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ದೊಡ್ಡ ಭಯ ಇಂಗ್ಲಿಷ್ ಪುಸ್ತಕಗಳದ್ದು. ಇದಕ್ಕೆ ನನಗೆ ಕೆಲಸಕ್ಕೆ ಬಂದ ದಾರಿ ಒಂದಿದೆ. ಪ್ರತಿ ಹೊಸ ವಿಚಾರಕ್ಕೂ ನಿಮ್ಮ ಊರಿನ ಒಂದು ಉದಾಹರಣೆ ಹುಡುಕಿ ನೋಟ್‌ಬುಕ್‌ನಲ್ಲಿ ಬರೆಯಿರಿ. ಬೆಲೆ ಏರಿದ ಕೂಡಲೇ ಪೂರೈಕೆ ಏರದ ಸರಕುಗಳ ಬಗ್ಗೆ ಪುಸ್ತಕದಲ್ಲಿ ಪುಟಗಟ್ಟಲೆ ಇತ್ತು. ನಾನು ಬರೆದದ್ದು ಇಷ್ಟೇ: ಈ ವರ್ಷ ರಾಶಿ ಅಡಿಕೆಗೆ ರೇಟು ಬಂತು ಅಂತ ಇವತ್ತು ಸಸಿ ನೆಟ್ಟರೆ, ಫಸಲು ಕಾಣಲು ಐದಾರು ವರ್ಷ ಬೇಕು. ಅದಾದ ಮೇಲೆ ಅದೇ ಇಂಗ್ಲಿಷ್ ಪುಟ ಸಲೀಸಾಗಿ ಓದಿಸಿಕೊಂಡಿತು. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಬಗ್ಗೆ ನಿಮ್ಮ ವಿಭಾಗದಲ್ಲಿ ಮೊದಲ ವಾರವೇ ವಿಚಾರಿಸಿ.

ಸೆಮಿನಾರ್ ಅಂದರೆ ಎದೆ ಡವಡವ ಅನ್ನುತ್ತದೆ, ಅಲ್ವಾ? ವಿಷಯ ಆರಿಸುವ ಅವಕಾಶ ಸಿಕ್ಕರೆ ನಿಮ್ಮ ನೆಲದ್ದನ್ನೇ ಆರಿಸಿ. ನಾನು ಗೇಣಿ ಪದ್ಧತಿ ತೆಗೆದುಕೊಂಡೆ, ಅಂದರೆ ಬೇರೆಯವರ ಜಮೀನು ಉಳುವವರು ಒಡೆಯರಿಗೆ ಫಸಲಿನ ಪಾಲು ಅಳೆದು ಕೊಡುವ ಪದ್ಧತಿ. ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹ, ಗೇಣಿ ಅಳೆಯುವ ಕೊಳಗದ ಜಗಳ, ಉಳುವವರಿಗೇ ಭೂಮಿ ಕೊಟ್ಟ 1974ರ ಭೂ ಸುಧಾರಣೆ ತಿದ್ದುಪಡಿ, ಇವೆಲ್ಲ ಲೈಬ್ರರಿಯಲ್ಲಿ ಸಿಕ್ಕವು. ಗೇಣಿದಾರರ ಮನೆಯಲ್ಲಿ ಆ ದಿನಗಳು ಹೇಗಿದ್ದವು ಅನ್ನುವುದನ್ನು ನಮ್ಮ ಅಜ್ಜ ಹೇಳಿದರು. ತರಗತಿಯಲ್ಲಿ ಬೇರೆ ಯಾರ ಹತ್ತಿರವೂ ಆ ಅಜ್ಜ ಇರಲಿಲ್ಲ. ನೀವು ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನಿಂದ ಮುಳುಗಡೆಯಾದ ಮನೆಯವರಾದರೆ ನಿಮ್ಮ ಬಳಿಯೂ ಅಂಥ ಮಾತು ಇದ್ದೇ ಇರುತ್ತದೆ. ಅದರ ಜೊತೆಗೆ ‘ಶೋಧಗಂಗಾ’ ವೆಬ್‌ಸೈಟ್ ನೋಡಿ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ನಿಮ್ಮ ವಿಷಯದ ಒಂದು ಪ್ರಬಂಧದ ಕೊನೆಯ ಪುಸ್ತಕಪಟ್ಟಿ ನೋಡಿದರೂ ಸಾಕು, ಮುಂದೇನು ಓದಬೇಕು ಅಂತ ಗೊತ್ತಾಗುತ್ತದೆ.

ಅಂಕಗಳನ್ನು ಮೊದಲ ಸೆಮಿಸ್ಟರ್‌ನಿಂದಲೇ ಕಾಯಬೇಕು. ಕಾಲೇಜು ಅಧ್ಯಾಪಕರಾಗಲು ಬರೆಯುವ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ಗೆ ಎಂ.ಎ.ಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 55, ಪರಿಶಿಷ್ಟರಿಗೆ ಮತ್ತು ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರಿಗೆ ಶೇ. 50 ಬೇಕು. ಕೊನೆಯ ವರ್ಷ ಓದುತ್ತಿರುವಾಗಲೇ ನೆಟ್ ಬರೆಯಬಹುದು. ಇದು ನಮ್ಮಲ್ಲಿ ಎಷ್ಟೋ ಜನಕ್ಕೆ ಎಂ.ಎ. ಮುಗಿದ ಮೇಲೆ ತಿಳಿಯುತ್ತದೆ. ನನಗೆ ತುಂಬಾ ಬೇಸರ ತರಿಸುವ ಸಂಗತಿ ಅದು.

ಹಾಸ್ಟೆಲ್ಲಿನ ಮೊದಲ ವಾರಗಳಲ್ಲಿ ಮನೆ ನೆನಪು ಜಾಸ್ತಿ. ಆದರೂ ಪ್ರತಿ ಶನಿವಾರ ಊರಿನ ಬಸ್ಸು ಹತ್ತಬೇಡಿ. ಗೆಳೆತನ ಬೆಳೆಯುವುದು ಆ ಭಾನುವಾರಗಳಲ್ಲೇ. ಯಾರಾದರೂ ರ‍್ಯಾಗಿಂಗ್ ಮಾಡಿದರೆ ನುಂಗಿಕೊಳ್ಳಬೇಡಿ. ವಾರ್ಡನ್‌ಗೆ ಹೇಳಿ, ಇಲ್ಲವೇ ರಾಷ್ಟ್ರೀಯ ಸಹಾಯವಾಣಿ 1800-180-5522ಕ್ಕೆ ಫೋನ್ ಮಾಡಿ.

ತೋಟದ ಮನೆಯ ಮಕ್ಕಳಿಗೆ ಇನ್ನೊಂದು ಮಾತು. ಅಡಿಕೆ ಗೊನೆ ಕೊಯ್ಯುವ, ಸುಲಿಯುವ ಕೆಲಸ ಶುರುವಾದರೆ ಮನೆಯಿಂದ “ನಾಲ್ಕು ದಿನ ಬಂದು ಹೋಗು” ಅಂತ ಫೋನ್ ಬರುತ್ತದೆ. ಆಳು ಸಿಗದ ಕಾಲ, ಅಪ್ಪ ಅಮ್ಮ ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಇಂಟರ್ನಲ್ ಟೆಸ್ಟ್ ತಪ್ಪಿದರೆ ಆ ಅಂಕ ಹೋಗುತ್ತದೆ, ಹಾಜರಾತಿಯೂ ಕಡಿಮೆಯಾಗುತ್ತದೆ. ಇದನ್ನು ಅವರಿಗೆ ಮೊದಲೇ ಬಿಡಿಸಿ ಹೇಳಿ. ಟೆಸ್ಟ್ ತಾರೀಕು ತಿಳಿದ ದಿನವೇ ಫೋನ್ ಮಾಡಿ, ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ. ಯಾವ ವಾರ ಬರುತ್ತೀರಿ ಅನ್ನುವುದನ್ನೂ ಆಗಲೇ ತಿಳಿಸಿಬಿಡಿ.