ಸಮೋವಾದಲ್ಲಿ ಭಾನುವಾರವನ್ನು ಹಳ್ಳಿಗೆ ಮೀಸಲಿಡಿ
ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರ ಸಮೋವಾದ ಪ್ರವಾಸಕ್ಕೆ ಹೊರಟಿರುವ ಸದಸ್ಯರು ಭಾನುವಾರವನ್ನು ರಾಜಧಾನಿ ಆಪಿಯಾದ ಹೋಟೆಲಿನಲ್ಲಿ ಕಳೆಯುವ ಬದಲು, ಉಪೋಲು ಅಥವಾ ಸವಾಯಿ ದ್ವೀಪದ ಹಳ್ಳಿಯೊಂದರಲ್ಲಿ ತಂಗುವುದು ಲೇಸು. ಅಂದು ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುತ್ತವೆ. ಆದರೆ ಕಾದ ಕಲ್ಲುಗಳ ಮೇಲಿಟ್ಟು, ಎಲೆಗಳನ್ನು ಹೊದಿಸಿ ಬೇಯಿಸಿದ ಅಡುಗೆಯನ್ನು ಚರ್ಚಿನಿಂದ ಮರಳಿದ ಕುಟುಂಬದವರೆಲ್ಲ ಒಟ್ಟಾಗಿ ಉಣ್ಣುತ್ತಾರೆ. ಕೆಸುವಿನ ಎಲೆಯಲ್ಲಿ ತೆಂಗಿನ ಹಾಲು, ಈರುಳ್ಳಿ ಸುತ್ತಿ ಬೇಯಿಸುವ ಪಲುಸಾಮಿಯು ಪತ್ರೊಡೆ ತಿಂದು ಬೆಳೆದ ನಮ್ಮ ಕರಾವಳಿಯವರಿಗೆ ಹಿಡಿಸೀತು. ಸಸ್ಯಾಹಾರಿಗಳು ಮಾತ್ರ ಅದಕ್ಕೆ ಮಾಂಸ ಬೆರೆಸಿದ್ದಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಗೋಡೆಗಳಿಲ್ಲದ ಫಾಲೆ ಮನೆಯೊಳಗೆ ಹೋಗುವಾಗ ಚಪ್ಪಲಿಯನ್ನು ಹೊರಗೆ ಬಿಟ್ಟು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳಿ. ಇತರರತ್ತ ಕಾಲು ಚಾಚಬಾರದು. ಸಂಜೆ ಶಂಖ ಅಥವಾ ಗಂಟೆ ಮೊಳಗಿದರೆ ಅದು ಪ್ರಾರ್ಥನೆಯ ಹೊತ್ತು. ಮುಗಿಯುವವರೆಗೆ ಹಳ್ಳಿಯೊಳಗೆ ಓಡಾಡಬೇಡಿ. ಹಲವು ಕಡಲತೀರಗಳು ಹಳ್ಳಿಗಳಿಗೇ ಸೇರಿರುವುದರಿಂದ, ಪ್ರವೇಶ ಶುಲ್ಕಕ್ಕೆ ಅಲ್ಲಿನ ನಾಣ್ಯವಾದ ತಾಲಾದ ಚಿಲ್ಲರೆ ಜೇಬಿನಲ್ಲಿರಲಿ.