ಎರಡು ಫಿನ್‌ನ ಮಿಡ್‌ಲೆಂತ್: ಕೊಳ್ಳುವ ಮುನ್ನ, ಏರಿದ ಮೇಲೆ

ಮಿಡ್‌ಲೆಂತ್ ಟ್ವಿನ್-ಫಿನ್ ಸರ್ಫ್‌ಬೋರ್ಡನ್ನು (ಬಾಲದ ಅಡಿಯಲ್ಲಿ ಫಿನ್ ಎಂಬ ಎರಡು ರೆಕ್ಕೆಗಳಿರುವ, ಮಧ್ಯಮ ಉದ್ದದ ಅಲೆ ಸವಾರಿಯ ಹಲಗೆಯನ್ನು) ಆಸೆಪಟ್ಟು ಕೊಂಡು ಕೆಲವೇ ವಾರಗಳಲ್ಲಿ ಮಾರಾಟಕ್ಕೆ ಇಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಎಲ್ಲರ ದೂರೂ ಒಂದೇ: ಬಾಲ ಜಾರುತ್ತದೆ, ಹಿಡಿತವೇ ಸಿಗುವುದಿಲ್ಲ. ಅವರು ಅಲೆಯ ಮೇಲಿರುವಾಗ ಗಮನಿಸಿದರೆ ಕಾರಣ ದಡದಿಂದಲೇ ತಿಳಿಯುತ್ತದೆ. ಬೋರ್ಡನ್ನು ಹಿಂಗಾಲಿನಿಂದ ಜಾಡಿಸಿ ತಿರುಗಿಸಲು ಹೋಗಿರುತ್ತಾರೆ. ಮೂರು ಫಿನ್‌ನ ಬೋರ್ಡ್ ಈ ಒರಟುತನವನ್ನು ಸಹಿಸಿಕೊಳ್ಳುತ್ತದೆ, ಎರಡು ಫಿನ್‌ನದು ಸಹಿಸುವುದಿಲ್ಲ. ಹಾಗಾಗಿ ಈ ಲೇಖನದ ಅರ್ಧ ಭಾಗ ತಿರುವಿನ ಬಗ್ಗೆಯೇ ಇದೆ. ಕಾಲು ಜಾರದಂತೆ ಬೋರ್ಡಿಗೆ ಮೇಣ ಹಚ್ಚುವುದು ಹೇಗೆ ಎಂದು ತಿಳಿಯಬೇಕಾದವರು ಬೇರೆ ಕಡೆ ನೋಡಬಹುದು.

ಮಿಡ್‌ಲೆಂತ್ ಎಂದರೆ ಸುಮಾರು 6 ಅಡಿ 6 ಇಂಚಿನಿಂದ 8 ಅಡಿಯವರೆಗಿನ ಬೋರ್ಡ್. ಶಾರ್ಟ್‌ಬೋರ್ಡಿಗಿಂತ ಬೇಗ ಅಲೆ ಹಿಡಿಯುತ್ತದೆ, ಲಾಂಗ್‌ಬೋರ್ಡಿಗಿಂತ ಸುಲಭವಾಗಿ ತಿರುಗುತ್ತದೆ. ನಡುವಿನ ಫಿನ್ ಇಲ್ಲದ್ದರಿಂದ ನೀರಿನ ಎಳೆತ ಕಡಿಮೆ; ಅಲೆ ಸಪ್ಪೆಯಾದ ಕಡೆಯೂ ಬೋರ್ಡ್ ಓಡುತ್ತಲೇ ಇರುತ್ತದೆ. ಆ ಓಟಕ್ಕಾಗಿಯೇ ಇದನ್ನು ಕೊಳ್ಳಬೇಕು. ನೆಟ್ಟಗೆ ಮೇಲೇರಿ ಥಟ್ಟನೆ ತಿರುಗುವ ಆಸೆ ಇದ್ದವರಿಗೆ ಇದು ಹೇಳಿದ ಬೋರ್ಡ್ ಅಲ್ಲ.

ಹಂತ 1: ಮೊದಲು ಅಲೆ, ಆಮೇಲೆ ಬೋರ್ಡ್

ವರ್ಷದ ಹೆಚ್ಚಿನ ದಿನಗಳಲ್ಲಿ ನಿಮಗೆ ಸಿಗುವ ಅಲೆ ಎಂಥದ್ದು ಎಂದು ಪ್ರಾಮಾಣಿಕವಾಗಿ ಯೋಚಿಸಿ. ಕನಸಿನ ಅಲೆಗೆ ಬೋರ್ಡ್ ಕೊಳ್ಳುವವರೇ ಹೆಚ್ಚು. ಮೊಣಕಾಲಿನಿಂದ ಸೊಂಟದವರೆಗಿನ ಸಪ್ಪೆ ಅಲೆಗಳೇ ನಿಮ್ಮ ಪಾಲಿಗಿದ್ದರೆ ಬಾಗು (ಮೂತಿಯಿಂದ ಬಾಲದವರೆಗೆ ಬೋರ್ಡ್ ಮೇಲಕ್ಕೆ ಬಾಗಿರುವ ಪ್ರಮಾಣ) ಕಡಿಮೆ ಇರುವ, ಎದೆಭಾಗ ಅಗಲವಾಗಿರುವ, ಬಾಲ ಮೀನಿನ ಬಾಲದಂತೆ ಸೀಳಿರುವ ಬೋರ್ಡ್ ನೋಡಿ. ಎದೆಮಟ್ಟದಿಂದ ತಲೆಮಟ್ಟದವರೆಗಿನ, ಉದ್ದಕ್ಕೆ ಬಿಚ್ಚಿಕೊಳ್ಳುತ್ತಾ ಹೋಗುವ ಅಲೆಗಳಿದ್ದರೆ ಸ್ವಲ್ಪ ಕಿರಿದಾದ, ಬಾಲದ ಕಡೆ ಬಾಗು ಹೆಚ್ಚಿರುವ ಬೋರ್ಡ್ ಬೇಕು. ಅದಕ್ಕಿಂತ ದೊಡ್ಡ ಅಲೆಗೆ ಚೂಪಾದ ಬಾಲವೇ ಸರಿ. ನೀರಿನೊಳಗೆ ಹೂತುಕೊಳ್ಳುವ ಗುಣ ಅದಕ್ಕಿದೆ.

ಬೋರ್ಡಿನ ಗಾತ್ರ ಹೇಳುವ ಲೀಟರ್ ಲೆಕ್ಕದ ಬಗ್ಗೆ ಒಂದು ಮಾತು. ಮಾರುವವರೂ ಕೊಳ್ಳುವವರೂ ಈಗ ಅದನ್ನೇ ಜಪಿಸುತ್ತಾರೆ. ಸುಮಾರು 70 ಕಿಲೋ ತೂಕದ, ಅಲೆಯ ಮುಖದ ಮೇಲೆ ಅಡ್ಡಲಾಗಿ ಸಾಗಲು ಬರುವ ಸರ್ಫರ್‌ಗೆ 38ರಿಂದ 44 ಲೀಟರ್ ಸಾಕು. ಆದರೆ ಆ ಲೀಟರ್‌ಗಳು ಬೋರ್ಡಿನ ಯಾವ ಭಾಗದಲ್ಲಿವೆ ಎಂಬುದನ್ನು ಅಂಕಿ ಹೇಳುವುದಿಲ್ಲ. ನಡುಭಾಗ ದಪ್ಪವಾಗಿ ಅಂಚು ತೆಳುವಾಗಿರುವ 42 ಲೀಟರ್‌ನ ಬೋರ್ಡೂ, ಅಂಚಿನವರೆಗೂ ದಪ್ಪವಾಗಿರುವ 42 ಲೀಟರ್‌ನ ಬೋರ್ಡೂ ಬೇರೆ ಬೇರೆ ಜಾತಿಯವು. ಎರಡನೆಯದರ ಅಂಚು ಮುಳುಗಲು ಒಪ್ಪುವುದೇ ಇಲ್ಲ. ಅಂಚು ಮುಳುಗದಿದ್ದರೆ ಟ್ವಿನ್ ಜಾರುತ್ತದೆ.

ಆದ್ದರಿಂದ ಅಂಗಡಿಯಲ್ಲಿ ಅಂಕಿ ಓದುವುದನ್ನು ಬಿಟ್ಟು ಕೈಯಿಂದ ಮುಟ್ಟಿ ನೋಡಿ. ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು, ಇನ್ನೊಂದು ಕೈಯ ಬೆರಳುಗಳನ್ನು ಅಂಚಿನ ಕೆಳಗೆ ಮೂತಿಯಿಂದ ಬಾಲದವರೆಗೆ ಜಾರಿಸಿ. ಮುಂಭಾಗದಲ್ಲಿ ಅಂಚು ದುಂಡಗೆ, ಮೆತ್ತಗೆ ಸಿಗಬೇಕು. ನಡುಭಾಗ ದಾಟಿದ ಮೇಲೆ ಕೆಳಗಡೆ ಒಂದು ಏಣು ಹುಟ್ಟಿ, ಫಿನ್‌ಗಳ ಹತ್ತಿರ ಬರುವ ಹೊತ್ತಿಗೆ ಬೆರಳಿಗೆ ಸ್ಪಷ್ಟವಾಗಿ ತಾಗುವಷ್ಟು ಹರಿತವಾಗಬೇಕು. ಕೊನೆಯವರೆಗೂ ದುಂಡಗೇ ಇದ್ದರೆ ವಾಪಸ್ ಇಟ್ಟುಬಿಡಿ, ಬಣ್ಣ ಎಷ್ಟೇ ಚೆನ್ನಾಗಿರಲಿ.

ಹಂತ 2: ಫಿನ್

ಎರಡು ಫಿನ್‌ಗೆ ದೊಡ್ಡ ಇತಿಹಾಸವಿದೆ. 1967ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಸ್ಟೀವ್ ಲಿಸ್ ಮಂಡಿಯೂರಿ ಸವಾರಿ ಮಾಡಲೆಂದು ಮಾಡಿಕೊಂಡ ಫಿಶ್ ಬೋರ್ಡಿನಿಂದ ಅಗಲ ಬುಡದ, ಗಿಡ್ಡನೆಯ ಕೀಲ್ ಫಿನ್‌ಗಳು ಹೆಸರಾದವು. ಆಸ್ಟ್ರೇಲಿಯಾದ ಮಾರ್ಕ್ ರಿಚರ್ಡ್ಸ್ ಬಳಸಿದ್ದು ಇನ್ನೊಂದು ಬಗೆ: ಬುಡ ಕಿರಿದು, ಎತ್ತರ ಹೆಚ್ಚು. 1979ರಿಂದ 1982ರವರೆಗೆ ಸತತ ನಾಲ್ಕು ಬಾರಿ ಅವರು ವಿಶ್ವ ಚಾಂಪಿಯನ್ ಆದರು. ಅದೇ ಕಾಲದಲ್ಲಿ, ದೊಡ್ಡ ಮೈಕಟ್ಟಿನ ಆಸ್ಟ್ರೇಲಿಯಾದ ಸರ್ಫರ್ ಸೈಮನ್ ಆ್ಯಂಡರ್ಸನ್ ಟ್ವಿನ್‌ನ ಜಾರಾಟದಿಂದ ಬೇಸತ್ತು 1980ರಲ್ಲಿ ಒಂದೇ ಅಳತೆಯ ಮೂರು ಫಿನ್‌ಗಳ ಥ್ರಸ್ಟರ್ ಮಾಡಿದರು. 1981ರಲ್ಲಿ ಆಸ್ಟ್ರೇಲಿಯಾದ ಬೆಲ್ಸ್ ಬೀಚಿನ ಸ್ಪರ್ಧೆಯಲ್ಲೂ ಹವಾಯಿಯ ಪೈಪ್‌ಲೈನ್ ಸ್ಪರ್ಧೆಯಲ್ಲೂ ಅದರ ಮೇಲೆಯೇ ಗೆದ್ದರು. ಅಂದರೆ ಬಾಲ ಜಾರುತ್ತದೆ ಎಂಬ ನಿಮ್ಮ ದೂರು ಹಳೆಯದು, ದೂರಿದವರು ಸಾಮಾನ್ಯರೂ ಅಲ್ಲ.

ಕೀಲ್ ಫಿನ್ ನೇರ ಓಟಕ್ಕೆ, ಉದ್ದನೆಯ ತಿರುವಿಗೆ ಒಳ್ಳೆಯದು. ಎತ್ತರದ ನೆಟ್ಟನೆ ಫಿನ್ ಬೇಗ ತಿರುಗುತ್ತದೆ, ಹಾಗೆಯೇ ಬೇಗ ಜಾರುತ್ತದೆ. ತುದಿ ಹಿಂದಕ್ಕೆ ಬಾಗಿದ ಫಿನ್‌ಗಳು ಇವೆರಡರ ನಡುವೆ ಬರುತ್ತವೆ. ಮಿಡ್‌ಲೆಂತ್‌ಗೆ ನನ್ನ ಆಯ್ಕೆ ಅವೇ. ಅಳತೆ ನೋಡಿ ಗಾಬರಿಯಾಗಬೇಡಿ. ಥ್ರಸ್ಟರ್‌ನ ಮಧ್ಯಮ ಗಾತ್ರದ ಫಿನ್ 4.5 ಇಂಚಿನ ಆಸುಪಾಸಿನಲ್ಲಿದ್ದರೆ ಟ್ವಿನ್‌ನದು 5 ಇಂಚು ದಾಟುವುದುಂಟು. ಮೂವರ ಕೆಲಸ ಇಬ್ಬರು ಮಾಡಬೇಕಲ್ಲ.

ಬೋರ್ಡಿನ ಜೊತೆ ಉಚಿತವಾಗಿ ಬರುವ ಪ್ಲಾಸ್ಟಿಕ್ ಫಿನ್ ಹಾಕಬೇಡಿ. ಅದರ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಬಳುಕುತ್ತದೆ. ತಿರುವಿನಲ್ಲಿ ನಿಮ್ಮ ಭಾರ ಬಿದ್ದಾಗಲೂ ಹಾಗೆಯೇ ಬಳುಕಿ ಹಿಡಿತ ಬಿಡುತ್ತದೆ. ‘ಐದು ಪೆಟ್ಟಿಗೆ (ಫಿನ್ ಕೂರಿಸುವ ಗೂಡು) ಇದೆ, ಯಾವ ಫಿನ್ ಬೇಕಾದರೂ ಹಾಕಬಹುದು’ ಎಂಬ ಬೋರ್ಡುಗಳನ್ನೂ ಅನುಮಾನದಿಂದಲೇ ನೋಡಿ. ಅವುಗಳ ಮುಂದಿನ ಪೆಟ್ಟಿಗೆಗಳು ಥ್ರಸ್ಟರ್‌ಗೆಂದು ಕೂರಿಸಿದವು. ಕೀಲ್ ಫಿನ್‌ಗಳಿಗೆ ಅದಕ್ಕಿಂತ ಹಿಂದಿನ ಜಾಗ ಬೇಕು.

ಜೋಡಿಸುವಾಗ ಎಡಬಲ ಅದಲುಬದಲಾಗುವುದು ಸಾಮಾನ್ಯ. ಫಿನ್‌ನ ಎರಡೂ ಮೈಯನ್ನು ಸವರಿ ನೋಡಿ: ಚಪ್ಪಟೆ ಮೈ ಒಳಕ್ಕೆ, ಉಬ್ಬಿದ ಮೈ ಹೊರಕ್ಕೆ. ಎರಡೂ ಕಡೆ ಉಬ್ಬಿರುವ ಕೀಲ್ ಫಿನ್ ಆದರೆ ಅದರ ಮೇಲಿನ ಗುರುತು ನೋಡಿಕೊಳ್ಳಿ. ಸ್ಕ್ರೂ ಬಿಗಿ ಮಾಡಿ. ಇರುವುದೇ ಎರಡು, ಒಂದು ಕಳಚಿದರೆ ಈಜಿಕೊಂಡು ದಡ ಸೇರಬೇಕಾಗುತ್ತದೆ.

ಹಂತ 3: ಮೇಣ, ಲೀಶ್

ಬೋರ್ಡಿನಷ್ಟೇ ಉದ್ದದ ಲೀಶ್ (ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ) ಕಟ್ಟಿ. ಮೇಣವನ್ನು ಎದೆ ಇಡುವ ಜಾಗದಿಂದ ಬಾಲದವರೆಗೂ ಹಚ್ಚಿ. ಈ ಬೋರ್ಡಿನ ಮೇಲೆ ಕಾಲು ಒಂದೇ ಕಡೆ ನಿಲ್ಲುವುದಿಲ್ಲ.

ಹಂತ 4: ಅಲೆ ಹಿಡಿಯುವುದು

ಶಾರ್ಟ್‌ಬೋರ್ಡಿನವರಿಗಿಂತ ಸ್ವಲ್ಪ ಆಚೆ ಕುಳಿತು ಬೇಗ ಕೈಬೀಸಲು ಶುರುಮಾಡಿ. ಅಲೆ ಕಡಿದಾಗುವ ಮುನ್ನವೇ, ಮೂತಿಯನ್ನು ಸಾಗಬೇಕಾದ ದಿಕ್ಕಿಗೆ ಓರೆಯಾಗಿಟ್ಟು ಎದ್ದು ನಿಲ್ಲಿ. ಬೇಗ ಅಲೆ ಸಿಗುತ್ತದೆಂದು ಪ್ರತಿಯೊಂದನ್ನೂ ಬಾಚಿಕೊಳ್ಳಬೇಡಿ, ಸರದಿ ಎಲ್ಲರಿಗೂ ಇದೆ. ಒಡೆಯುವ ಅಲೆಯ ಅಡಿಯಿಂದ ಇಷ್ಟು ತೇಲುವ ಬೋರ್ಡನ್ನು ಮುಳುಗಿಸಿ ದಾಟಿಸುವುದು ಕಷ್ಟ. ನೊರೆ ದೊಡ್ಡದಾಗಿದ್ದರೆ ಬೋರ್ಡನ್ನು ತಬ್ಬಿಕೊಂಡು ಮಗುಚಿ ಅದರ ಅಡಿಯಲ್ಲಿ ಉಳಿಯಿರಿ. ಕೈಬಿಟ್ಟು ಎಸೆದರೆ ಹಿಂದಿರುವವರ ತಲೆಗೆ ಬಡಿಯುತ್ತದೆ.

ಹಂತ 5: ತಿರುವು

ಎಲ್ಲರೂ ಎಡವುವುದು ಇಲ್ಲೇ. ಬೋರ್ಡನ್ನು ಒಂದು ಬದಿಗೆ ವಾಲಿಸಿದಾಗ ಹೊರಬದಿಯ ಫಿನ್ ನೀರಿನಿಂದ ಮೇಲೇಳಲು ತೊಡಗುತ್ತದೆ. ಭಾರವೆಲ್ಲ ಒಳಬದಿಯ ಒಂದೇ ಫಿನ್ ಮತ್ತು ಆ ಬದಿಯ ಅಂಚಿನ ಮೇಲೆ ಬೀಳುತ್ತದೆ. ಥ್ರಸ್ಟರ್‌ನಲ್ಲಾದರೆ ನಡುವಿನ ಫಿನ್ ಇನ್ನೂ ನೀರಿನಲ್ಲಿದ್ದು ಬಾಲವನ್ನು ಹಿಡಿದಿರುತ್ತದೆ. ಇಲ್ಲಿ ಆ ಆಸರೆ ಇಲ್ಲ. ಅಂಚನ್ನು ನೀರಿಗಿಳಿಸದೆ ಹಿಂಗಾಲನ್ನು ಒತ್ತಿದಿರೋ, ಆ ಒಂಟಿ ಫಿನ್ ಸೋತು ಬಾಲ ಪಕ್ಕಕ್ಕೆ ಹಾರುತ್ತದೆ.

ಹೀಗೆ ಮಾಡಿ. ಅಲೆಯ ಮುಖದಿಂದ ಇಳಿಯುವಾಗ ಆತುರಪಡದೆ ಬುಡದವರೆಗೆ ಬೋರ್ಡನ್ನು ಓಡಲು ಬಿಡಿ. ಇಳಿಯುತ್ತಿರುವಾಗಲೇ ಹಿಂಗಾಲನ್ನು ತುಸು ತುಸುವೇ ಸರಿಸಿ ಫಿನ್‌ಗಳ ಮೇಲಕ್ಕೆ ತನ್ನಿ. ಮಿಡ್‌ಲೆಂತ್‌ನಲ್ಲಿ ಎದ್ದು ನಿಂತಾಗ ಅದು ಸಾಮಾನ್ಯವಾಗಿ ತೀರಾ ಮುಂದೆ ಇರುತ್ತದೆ. ಕಾಲು ಹಿಂದಕ್ಕೆ ಹೋಯಿತೆಂದು ಮೈಭಾರವೂ ಹಿಂದಕ್ಕೆ ಹೋಗಕೂಡದು. ಮುಂದಿನ ಮಂಡಿ ಬಗ್ಗಿಸಿ, ಎದೆಯನ್ನು ಆ ಮಂಡಿಯ ಮೇಲೆ ತನ್ನಿ. ಕಣ್ಣು ಹೋಗಬೇಕಾದ ಜಾಗದ ಮೇಲಿರಲಿ, ಪಾದದ ಮೇಲಲ್ಲ. ಈಗ ಕಾಲ್ಬೆರಳುಗಳ ಕಡೆಗೆ ನಿಧಾನವಾಗಿ ಭಾರ ಹಾಕಿ ಅಂಚನ್ನು ಮುಳುಗಿಸಿ. ಹಿಮ್ಮಡಿಯ ಕಡೆ ತಿರುಗುವುದಾದರೆ ಹಿಮ್ಮಡಿಗೆ. ಒಮ್ಮೆ ಅಂಚು ಕಚ್ಚಿಕೊಂಡ ಮೇಲೆ ಏನೂ ಮಾಡಬೇಡಿ. ಆ ಬಾಗನ್ನು ಹಾಗೇ ಹಿಡಿದಿರಿ. ಬೋರ್ಡ್ ತಾನಾಗಿ ಮೇಲೇರುತ್ತದೆ.

ಸರಿಯಾಯಿತೋ ಇಲ್ಲವೋ ತಿಳಿಯುವುದು ನೀರು ಚಿಮ್ಮುವ ಜಾಗದಿಂದ. ದಡದಲ್ಲಿ ಯಾರಾದರೂ ಮೊಬೈಲ್‌ನಲ್ಲಿ ಚಿತ್ರೀಕರಿಸಿದರೆ ಒಳ್ಳೆಯದು. ಅಂಚಿನಿಂದ ಏಳುವ ನೀರಿನ ತೆಳು ಹಾಳೆ ಮುಂಗಾಲಿನ ಹತ್ತಿರದಿಂದಲೇ ಹೊರಟು ಬಾಲದವರೆಗೂ ಹರಡಿದ್ದರೆ ನೀವು ಅಂಚಿನ ಮೇಲಿದ್ದೀರಿ. ಬಾಲದ ಹತ್ತಿರ ಮಾತ್ರ ನೀರು ಎರಚಿ ಮೂತಿ ಗಾಳಿಯಲ್ಲಿದ್ದರೆ ಇನ್ನೂ ಹಿಂಗಾಲೇ ಆಳುತ್ತಿದೆ.

ಮೇಲೆ ತಲುಪಿ ಕೆಳಗೆ ತಿರುಗುವಾಗ ಹಿಂಗಾಲಿಗೆ ಭಾರ ಕೊಡಬೇಕಾಗುತ್ತದೆ, ಆದರೆ ಜಾಡಿಸುವಂತಿಲ್ಲ. ಮಾವಿನಹಣ್ಣು ಹಣ್ಣಾಗಿದೆಯೇ ಎಂದು ಒತ್ತಿ ನೋಡುವಷ್ಟೇ ಹದವಾಗಿ ಶುರುಮಾಡಿ, ಹಿಡಿತ ಸಿಕ್ಕಿದ ಹಾಗೆ ಹೆಚ್ಚಿಸಿ. ಭುಜ ಮೊದಲು, ಸೊಂಟ ಆಮೇಲೆ, ಪಾದ ಕೊನೆಗೆ. ಬಾಲ ಜಾರತೊಡಗಿತೆಂದು ಅನಿಸಿದ ಕೂಡಲೇ ಎಲ್ಲರೂ ಇನ್ನಷ್ಟು ಒತ್ತುತ್ತಾರೆ. ಅದು ತಿರುವುಮುರುವು. ಹಿಂಗಾಲನ್ನು ಹಗುರ ಮಾಡಿ ಮುಂದಕ್ಕೆ ಬಾಗಿ, ಫಿನ್ ಮತ್ತೆ ಕಚ್ಚುತ್ತದೆ. ಇದನ್ನು ಅಲೆಯ ಕಡಿದಾದ ಭಾಗದಲ್ಲಿ ಕಲಿಯಲು ಹೋಗಬೇಡಿ. ಇಳಿಜಾರು ಕಡಿಮೆ ಇರುವ ಅಲೆಯ ಹೆಗಲಿನಲ್ಲಿ (ಇನ್ನೂ ಒಡೆಯದ ಪಕ್ಕದ ಭಾಗದಲ್ಲಿ) ದೊಡ್ಡ ದೊಡ್ಡ ಬಾಗುಗಳನ್ನು ಎಳೆಯುತ್ತಾ ಅಭ್ಯಾಸ ಮಾಡಿ.

ನಡುವೆ ಪುಟ್ಟ ಮೂರನೆಯ ಫಿನ್ ಹಾಕುವ ಅಡ್ಡದಾರಿ ಒಂದಿದೆ. ಅದರಿಂದ ಜಾರುವುದು ಕಡಿಮೆಯಾಗುವುದೇನೋ ನಿಜ. ಆದರೆ ಕಲಿಯುವ ಮೊದಲೇ ಹಾಕಿದರೆ ಹಿಂಗಾಲಿನ ಚಾಳಿ ಹಾಗೇ ಉಳಿಯುತ್ತದೆ. ಪೆಟ್ಟಿಗೆ ಇದ್ದರೆ ಇರಲಿ, ಫಿನ್ ಮನೆಯಲ್ಲಿರಲಿ.

ಹಂತ 6: ಅಲೆಗೆ ತಕ್ಕ ಸವಾರಿ

ಸಣ್ಣ ಸಪ್ಪೆ ಅಲೆ: ಕುಣಿದು ವೇಗ ಹುಟ್ಟಿಸಲು ಹೋಗಬೇಡಿ. ಒಂದು ಹೆಜ್ಜೆ ಮುಂದೆ ನಿಂತು ಅಲೆಯ ಮುಖದ ಮೇಲ್ಭಾಗದಲ್ಲೇ ಸಾಗಿ.

ಎದೆಮಟ್ಟದಿಂದ ತಲೆಮಟ್ಟದ, ಉದ್ದಕ್ಕೆ ಬಿಚ್ಚಿಕೊಳ್ಳುವ ಪಾಯಿಂಟ್ ಬ್ರೇಕ್ (ಕಡಲಿಗೆ ಚಾಚಿದ ನೆಲದ ಅಂಚಿನುದ್ದಕ್ಕೂ ಒಡೆಯುವ ಅಲೆ): ಈ ಬೋರ್ಡ್ ಹುಟ್ಟಿದ್ದೇ ಇದಕ್ಕೆ. ವೇಗ ತಾನಾಗಿ ಹೆಚ್ಚಿ ನೀವು ಅಲೆಯನ್ನು ಬಿಟ್ಟು ಮುಂದೆ ಓಡಿಬಿಡುತ್ತೀರಿ. ಹೆಗಲಿಗೆ ತಲುಪಿದ ಕೂಡಲೇ ದೊಡ್ಡ ಬಾಗು ತೆಗೆದು ನೊರೆಯ ಕಡೆಗೆ ಹಿಂದಿರುಗಿ. ಕಡಲ ಮುನ್ಸೂಚನೆಯಲ್ಲಿ ಅಲೆಗಳ ನಡುವಿನ ಅಂತರ 12 ಸೆಕೆಂಡ್‌ಗಿಂತ ಹೆಚ್ಚು, ಗಾಳಿ ದಡದಿಂದ ಕಡಲಿಗೆ ಎಂದು ಕಂಡರೆ ಬೇರೆ ಬೋರ್ಡಿನ ಕಡೆ ನೋಡಲೇಬೇಡಿ.

ಗಾಳಿಯಿಂದ ಕದಡಿದ ನೀರು: ಇಲ್ಲಿ ಬೋರ್ಡಿನ ತೂಕ ಲೆಕ್ಕಕ್ಕೆ ಬರುತ್ತದೆ. ಎಪಾಕ್ಸಿ ಎಂಬ ರಾಳದಿಂದ ಮಾಡಿದ ಹಗುರವಾದ ಬೋರ್ಡುಗಳು ಸಣ್ಣ ತೆರೆಗಳ ಮೇಲೆ ತಟತಟ ಎಂದು ಕುಣಿಯುತ್ತವೆ, ಫಿನ್‌ಗಳು ಮತ್ತೆ ಮತ್ತೆ ಹಿಡಿತ ಬಿಡುತ್ತವೆ. ಪಾಲಿಯುರೆಥೇನ್ ಫೋಮ್‌ನ, ದಪ್ಪ ಗಾಜಿನೆಳೆ ಹೊದಿಸಿದ ಭಾರದ ಬೋರ್ಡ್ ತಗ್ಗುದಿಣ್ಣೆಗಳನ್ನು ಕತ್ತರಿಸಿಕೊಂಡು ಸಾಗುತ್ತದೆ. ಹೊತ್ತು ನಡೆಯುವಾಗ ತೋಳು ನೋಯುತ್ತದೆಂಬ ಕಾರಣಕ್ಕೆ ಹಗುರದ್ದನ್ನು ಆರಿಸಬೇಡಿ.

ತಲೆಗಿಂತ ಎತ್ತರದ ಅಲೆ: ಆಸ್ಟ್ರೇಲಿಯಾದ ಟೊರೆನ್ ಮಾರ್ಟಿನ್ ಉದ್ದನೆಯ ಟ್ವಿನ್‌ಗಳ ಮೇಲೆ ದೊಡ್ಡ ಅಲೆಗಳಲ್ಲಿ ಸಾಗುವುದನ್ನು ನೋಡಿದವರಿಗೆ ಇದು ಸುಲಭವೆನಿಸುತ್ತದೆ. ಅವರ ಕಾಲುಗಳನ್ನು ಗಮನಿಸಿ, ಅನಗತ್ಯ ಅಲುಗಾಟವೇ ಇಲ್ಲ. ಬುಡದ ತಿರುವನ್ನು ಇನ್ನೂ ಉದ್ದ ಮಾಡಿ, ಮೇಲಿನ ತಿರುವನ್ನು ಹೆಗಲಿನಲ್ಲೇ ಮುಗಿಸಿ. ಅಲೆಗೆ ಬೆನ್ನು ಹಾಕಿ ಸಾಗುವಾಗ ಹಿಮ್ಮಡಿಗೆ ಭಾರ ಹಾಕಿ ಕೂರುವ ಚಾಳಿಯಿಂದ ಬಾಲ ಮತ್ತಷ್ಟು ಜಾರುತ್ತದೆ. ಮುಂದಿನ ಭುಜವನ್ನು ತಿರುಗಿಸಿ ಎದೆಯನ್ನು ದಾರಿಯ ಕಡೆಗೆ ತೆರೆದಿಟ್ಟರೆ ಭಾರ ಮುಂದಕ್ಕೆ ಬರುತ್ತದೆ.

ದಡದ ಹತ್ತಿರ ಗೋಡೆಯಂತೆ ಎದ್ದು ಒಮ್ಮೆಲೇ ಮಗುಚಿ ಬೀಳುವ ಟೊಳ್ಳು ಅಲೆಗಳಲ್ಲಿ ಮಾತ್ರ ಇದನ್ನು ಒಯ್ಯಬೇಡಿ. ಅಲ್ಲಿ ಬುಡದವರೆಗೆ ಓಡಲು ಸಮಯವೂ ಇಲ್ಲ, ಇಷ್ಟು ಉದ್ದದ ಬೋರ್ಡ್ ಆ ಬಾಗಿನೊಳಗೆ ಕೂರುವುದೂ ಇಲ್ಲ. ಬಾಗು ಹೆಚ್ಚಿರುವ ಗಿಡ್ಡ ಥ್ರಸ್ಟರ್ ತೆಗೆದುಕೊಂಡು ಹೋಗಿ.